ಬಕೆಟ್ ಸುತ್ತ ನಾಲ್ಕು ಮೂಗು

"ಏನೂ ಆಗಿಲ್ಲ, ಚಿಂತಿ ಮಾಡಬ್ಯಾಡ್ರಿ" ಎಂಬ ಮಾತನ್ನು ನಾನು ಈ ಜನ್ಮದಲ್ಲಿ ಒಬ್ಬರಿಗೆ ಒಂದೇ ಸಲ ಹೇಳಿದ್ದೇನೆ. ಆ ಒಂದು ಸಲವೂ ಅದು ತಪ್ಪಾಯಿತು.

ಉಳಿದಂತೆ ಚಿಂತೆಯೇ ನನ್ನ ಕಸುಬು. ಮನೆಯಿಂದ ಹೊರಟು ಓಣಿಯ ತಿರುವು ದಾಟಿದ ಮೇಲೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ವಾಪಸ್ ಬರುತ್ತೇನೆ. ನಮ್ಮ ಮನೆಯಲ್ಲಿ ಗ್ಯಾಸ್ ಹಚ್ಚುವವಳು ಹೆಂಡತಿ, ನಾನಲ್ಲ ಎಂಬುದು ಬೀಗ ತೆಗೆದ ಮೇಲೆ ನೆನಪಾಗುತ್ತದೆ. ಬಿ.ಪಿ. ಗುಳಿಗೆ ನುಂಗಿದೆನೋ ಬಿಟ್ಟೆನೋ ಎಂದು ಯೋಚಿಸಿ ಯೋಚಿಸಿಯೇ ಬಿ.ಪಿ. ಏರಿಸಿಕೊಳ್ಳುತ್ತೇನೆ. ಇಂಥವನಿಗೆ ದೇವರು ಕೊಟ್ಟ ನೌಕರಿಯಾದರೂ ಎಂಥದು? ಪೆಟ್ರೋಲ್ ಪಂಪಿನ ಮ್ಯಾನೇಜರ್. ಸಾವಿರಾರು ಲೀಟರ್ ಪೆಟ್ರೋಲನ್ನು ಕಾಲಡಿ ಹೂತಿಟ್ಟುಕೊಂಡು, ಅದರ ಮೇಲೆ ಕುರ್ಚಿ ಹಾಕಿ ಕೂರುವ ಕೆಲಸ. ಬೀದರ್ ಬಿಟ್ಟು ನಾಸಿಕ್‌ಗೆ ಬಂದು ಹೀಗೆ ಕೂತು ಇಪ್ಪತ್ತು ವರ್ಷದ ಮೇಲಾಯಿತು.

ನಮ್ಮ ಪಂಪು ಪಿಂಪಳಗಾಂವ್ ಬಸವಂತ್ ಕಡೆಗೆ ಹೋಗುವ ಹೆದ್ದಾರಿಯಲ್ಲಿದೆ. ಉಳ್ಳಾಗಡ್ಡಿ ಲಾರಿಗಳು, ದ್ರಾಕ್ಷಿಯ ಟೆಂಪೋಗಳು ಹಗಲೆಲ್ಲ ಬಂದು ಹೋಗುತ್ತವೆ. ಪಂಪಿನ ಹಿಂಗೋಡೆಗೆ ಹತ್ತಿಕೊಂಡಂತೆ ತಗಡಿನ ಛಾವಣಿಯ ಒಂದು ಖಾನಾವಳಿ. ಅದನ್ನು ನಡೆಸುವವರು ಕಲಬುರ್ಗಿ ಕಡೆಯ ಒಬ್ಬ ಅಕ್ಕ. ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದವರು, ಸಿಮೆಂಟ್ ಬುಟ್ಟಿ ಹೊರುವುದಕ್ಕಿಂತ ರೊಟ್ಟಿ ಬಡಿಯುವುದು ವಾಸಿ ಎಂದು ಅಲ್ಲೇ ಒಲೆ ಹೂಡಿದರು. ಪಕ್ಕದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡದಲ್ಲಿ ದುಡಿಯುವ ನಮ್ಮ ಕಡೆಯ ಮಂದಿ, ರುಚಿ ಹತ್ತಿದ ಲಾರಿ ಡ್ರೈವರುಗಳು, ನಾನು, ಎಲ್ಲರೂ ಅವರ ಜೋಳದ ರೊಟ್ಟಿ, ಪುಂಡಿಪಲ್ಯದ ಮೇಲೆ ಬದುಕಿದವರೇ. ಖಾನಾವಳಿಯ ಅಂಗಳದಲ್ಲಿ ಒಂದು ಹಳೆಯ ಕಲ್ಲು ಕಟ್ಟಿದ ಬಾವಿ. ಬೇಸಿಗೆಯಲ್ಲೂ ಬತ್ತದ ಬಾವಿ. ಹಿಟ್ಟು ನಾದಲು, ಬೇಳೆ ಬೇಯಿಸಲು, ಪಾತ್ರೆ ತೊಳೆಯಲು ಅದೇ ನೀರು. ಬಾವಿ ಇಲ್ಲವಾದರೆ ಖಾನಾವಳಿ ಇಲ್ಲ. ಅಕ್ಕನಿಗೆ ಬೇರೆ ನೀರಿನ ದಾರಿಯೇ ಇರಲಿಲ್ಲ.

ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಅಕ್ಕ ಸ್ಟೀಲ್ ಲೋಟ ಹಿಡಿದು ನನ್ನ ಕ್ಯಾಬಿನ್ನಿಗೆ ಬಂದರು.

"ಸಾಹೇಬ್ರ, ಇದರ ವಾಸನಿ ನೋಡ್ರಿ ಸ್ವಲ್ಪ."

ನೋಡಿದೆ. ಲೋಟವನ್ನು ಮೂಗಿಗೆ ತಾಗಿಸಿ, ಕಣ್ಣು ಮುಚ್ಚಿ, ಉಸಿರು ಎಳೆದು ನೋಡಿದೆ. ನೀರು ನೀರಿನ ಹಾಗೆಯೇ ಇತ್ತು.

"ಏನ್ ವಾಸನಿ ಅಕ್ಕಾ?"

"ನಿಮ್ಮ ಎಣ್ಣಿ ವಾಸನಿ ಬರ್ಲಕತ್ತದ್ರಿ. ಎರಡು ದಿನ ಆತು. ಚಾ ಮಾಡಿದ್ರ ಚಾ ಹಂಗ, ಬ್ಯಾಳಿ ಮಾಡಿದ್ರ ಬ್ಯಾಳಿ ಹಂಗ."

ಮತ್ತೊಮ್ಮೆ ಮೂಸಿದೆ. ಆಗಲೇ ಆ ಐತಿಹಾಸಿಕ ಮಾತು ನನ್ನ ಬಾಯಿಂದ ಹೊರಬಿದ್ದದ್ದು. ಏನೂ ಆಗಿಲ್ಲ, ಚಿಂತಿ ಮಾಡಬ್ಯಾಡ್ರಿ. ಪಂಪಿನ ಪಕ್ಕ ಇದ್ದೀರಿ, ಗಾಳಿಗೆ ಬಂದಿರಬೇಕು. ಹೇಳುವಾಗ ಎಷ್ಟು ಹಿತವಾಗಿತ್ತೆಂದರೆ, ಚಿಂತೆ ಮಾಡದ ಜನ ದಿನವೂ ಇಷ್ಟು ಹಗುರಾಗಿ ಇರುತ್ತಾರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಅಕ್ಕ ಲೋಟ ತೆಗೆದುಕೊಂಡು, ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಆತು ಬಿಡ್ರಿ" ಎಂದು ಹೋದರು.

ನಾಲ್ಕು ದಿನದ ಮೇಲೆ ಲೋಟದ ಬದಲು ಬಕೆಟ್ಟೇ ಬಂತು. ಅಕ್ಕ ಅದನ್ನು ಕ್ಯಾಬಿನ್ ಮುಂದಿನ ನೆರಳಲ್ಲಿ ಕುಕ್ಕಿ, ಸೆರಗು ಬಿಗಿದು ನಿಂತರು. ಈಗ ನಾನೊಬ್ಬನೇ ತೀರ್ಪು ಕೊಡುವುದು ಬೇಡ, ಪಂಚಾಯಿತಿ ಆಗಲಿ ಎಂದುಕೊಂಡೆ. ಕ್ಯಾಶಿಯರನ್ನು ಕರೆದೆ. ಹದಿನೆಂಟು ವರ್ಷದಿಂದ ನೋಝಲ್ ಹಿಡಿದ ನಮ್ಮ ಹಿರಿಯ ಕೆಲಸಗಾರನನ್ನು ಕರೆದೆ. ಟ್ಯಾಂಕರ್ ಖಾಲಿ ಮಾಡಲು ಬಂದಿದ್ದ ಡ್ರೈವರ್ ತಾನಾಗಿಯೇ ಬಂದ. ಬಕೆಟ್ ಸುತ್ತ ನಾಲ್ಕು ಗಂಡಸರು ಕುಕ್ಕರುಗಾಲಲ್ಲಿ ಕೂತು ನಾಲ್ಕು ಮೂಗು ಇಳಿಸಿದೆವು.

"ಕಾಹೀ ನಾಹೀ," ಏನೂ ಇಲ್ಲ ಎಂದ ಕ್ಯಾಶಿಯರ್.

"ಸಾಫ್ ಪಾಣೀ ಆಹೆ," ಎಂದ ನೋಝಲ್ ಹಿರಿಯ.

ಟ್ಯಾಂಕರ್ ಡ್ರೈವರಂತೂ ಒಂದು ಬೊಗಸೆ ಎತ್ತಿ ಮುಖ ತೊಳೆದುಕೊಳ್ಳಲು ಹೊರಟಿದ್ದ. ಅಕ್ಕ ಅವನ ಕೈಗೆ ಹೊಡೆದರು.

"ನಾಕು ಮಂದಿ ಇದ್ದೀರಿ, ನಾಕು ಮೂಗ ಅವ. ಒಂದಕ್ಕೂ ಸುದ್ದಿ ಇಲ್ಲ," ಎಂದರು ಅಕ್ಕ.

ಅಷ್ಟರಲ್ಲಿ ನಾನು ಮನೆಯಲ್ಲಿ ಮರೆತು ಬಂದಿದ್ದ ಗುಳಿಗೆಯ ಡಬ್ಬಿ ಹಿಡಿದು ನನ್ನ ಹೆಂಡತಿ ಆಟೋದಿಂದ ಇಳಿದಳು. ಇನ್ನೂ ಹತ್ತು ಹೆಜ್ಜೆ ದೂರ ಇರುವಾಗಲೇ ಸೆರಗು ಮೂಗಿಗೆ ಹಿಡಿದಳು.

"ಏನ್ರಿ ಇದು, ಬಕೆಟ್ನ್ಯಾಗ ಪೆಟ್ರೋಲ್ ತುಂಬಿ ಅದರ ಮುಂದ ಮುಖ ಇಟ್ಟು ಕೂತೀರಿ? ತಲಿ ನೆಟ್ಟಗದನ ನಿಮ್ದು?"

ನಾಲ್ಕೂ ಮೂಗು ಬಕೆಟ್ಟಿನಿಂದ ಮೇಲೆದ್ದವು. ಪೆಟ್ರೋಲಿನ ನಡುವೆ ಇಪ್ಪತ್ತು ವರ್ಷ ಕಳೆದ ಮೂಗು ಪೆಟ್ರೋಲನ್ನು ಗುರುತಿಸುವುದೇ ಇಲ್ಲ. ಅದಕ್ಕೆ ಅದೇ ಗಾಳಿ. ಮಲ್ಲಿಗೆ, ಒಗ್ಗರಣೆ, ಹೊಸ ಚಪ್ಪಲಿ ಎಲ್ಲ ಗೊತ್ತಾಗುತ್ತದೆ, ಪೆಟ್ರೋಲ್ ಒಂದು ಬಿಟ್ಟು. ಪೆಟ್ರೋಲ್ ಬೆರೆತಿದೆಯೇ ಎಂದು ಪರೀಕ್ಷಿಸಲು ಇಡೀ ಊರಲ್ಲಿ ಯೋಗ್ಯತೆಯಿಲ್ಲದ ನಾಲ್ಕು ಮೂಗುಗಳನ್ನೇ ನಾನು ಆರಿಸಿ ಕೂರಿಸಿದ್ದೆ.

ಹೆಂಡತಿ ಗುಳಿಗೆ ನನ್ನ ಕೈಗಿಟ್ಟು, ಅಕ್ಕನ ಜೊತೆ ಬಾವಿಗೆ ಹೋಗಿ, ಬಗ್ಗಿ ನೋಡಿ ಬಂದಳು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಆಡುತ್ತಿದೆ ಎಂದಳು. ಇಬ್ಬರೂ ಸೇರಿ ಹಗ್ಗ, ಕೊಡ, ರಾಟೆಯ ಗಾಲಿ ಎಲ್ಲ ಬಿಚ್ಚಿ ಒಳಗಿಟ್ಟರು. ಕಟ್ಟಡದ ಕೂಲಿಯವರ ಶೆಡ್ಡುಗಳಿಗೆ ಹೋಗಿ, ಇದೇ ಬಾವಿಯಿಂದ ಸೇದುತ್ತಿದ್ದ ಹೆಂಗಸರಿಗೆಲ್ಲ ಈ ನೀರು ಮುಟ್ಟಬೇಡಿ ಎಂದು ಹೇಳಿದರು. ನಾಲ್ಕು ದಿನ. ನನ್ನ ಮಾತು ನಂಬಿ ನಾಲ್ಕು ದಿನ ಎಷ್ಟು ಮಂದಿ ಕುಡಿದಿರಬೇಕು?

"ಅಕ್ಕಾ, ನನ್ನ ತಪ್ಪಾತು. ನನ್ನ ಮಾತ ಕೇಳಿ ನೀವೆಲ್ಲಾ ಇದೇ ನೀರ..."

"ನಿಮ್ಮ ಮಾತ ಯಾರ್ ಕೇಳ್ಯಾರ್ರಿ?" ಎಂದರು ಅಕ್ಕ. "ನಿಮಗ ಲೋಟ ತೋರಿಸಿದ ದಿನದಿಂದಲೇ ಕುಡಿಲಿಕ್ಕ, ಅಡಗಿಗಿ ಕ್ಯಾನ್ ನೀರ ತರಸ್ಲಕತ್ತೀನಿ. ಬಾವಿ ನೀರು ನಮಗೂ ಶೆಡ್ಡಿನವರಿಗೂ ಬರೇ ಭಾಂಡಿ ತಿಕ್ಕಲಿಕ್ಕ. ಈಗ ಅದಕ್ಕೂ ಆಗವಲ್ದು, ಭಾಂಡಿನೂ ನಾರ್ಲಕತ್ತಾವು, ಅದಕ್ಕ ಬಕೆಟ್ ತಂದೆ. ನೀವು ನಿನ್ನಿ ಉಂಡದ್ದೂ ಕ್ಯಾನ್ ನೀರಿನ ಬ್ಯಾಳಿನೇ."

"ಮತ್ತ ನನಗ ಹೇಳಬೇಕಿಲ್ಲೇನ್ರಿ?"

"ಹೇಳಿದ್ರ ನೀವು ಚಿಂತಿ ಮಾಡ್ತೀರಿ ಅಂತ ಸುಮ್ನಿದ್ದೆ."

ಆದರೆ ದುಡ್ಡು ಕೊಟ್ಟು ತರಿಸುವ ಕ್ಯಾನ್ ನೀರಲ್ಲಿ ಖಾನಾವಳಿ ಎಷ್ಟು ದಿನ ನಡೆಯುತ್ತದೆ? ಅದನ್ನು ಅಕ್ಕನೇ ಹೇಳಿದರು. ಹತ್ತು ದಿನ, ಬಹಳವಾದರೆ ಹದಿನೈದು. ಆಮೇಲೆ ಒಲೆ ಆರಿಸಿ ಮತ್ತೆ ಸಿಮೆಂಟ್ ಬುಟ್ಟಿ. ಅವರು ನಗುತ್ತಲೇ ಹೇಳಿದರೂ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳಿದ್ದರಿಂದ ನನಗೆ ಆ ಸೊಂಟದ ನೋವು ಕಾಣಿಸಿತು.

ಅವತ್ತು ಸಂಜೆ ನಾನು ಡಿಪ್ ರಾಡಿನ ಲೆಕ್ಕ ತೆಗೆದು ಕೂತೆ. ಪಂಪಿನಲ್ಲಿ ದಿನವೂ ಬೆಳಿಗ್ಗೆ ಉದ್ದನೆಯ ಅಳತೆ ಕೋಲನ್ನು ನೆಲದಡಿಯ ಟ್ಯಾಂಕಿಗೆ ಇಳಿಸಿ, ಎಷ್ಟು ಎತ್ತರ ಒದ್ದೆಯಾಗಿದೆ ಎಂದು ನೋಡಿ, ಎಷ್ಟು ಪೆಟ್ರೋಲ್ ಉಳಿದಿದೆ ಎಂದು ತಿಳಿಯುತ್ತೇವೆ. ಮಾರಿದ್ದಕ್ಕೂ ಉಳಿದದ್ದಕ್ಕೂ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಅದಕ್ಕೆ ಈ ಧಂದೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಉಡ್ ಗಯಾ. ಬಿಸಿಲಿಗೆ ಹಾರಿಹೋಯಿತು. ನಾನೂ ವರ್ಷಗಟ್ಟಲೆ ಹಾಗೇ ಅನ್ನುತ್ತಿದ್ದೆ. ಬಿಸಿಲಿಗೆ ಹಾರುವ ಪೆಟ್ರೋಲ್ ಚಳಿಗಾಲದಲ್ಲಿ ಕಡಿಮೆ ಹಾರಬೇಕಲ್ಲ? ಈ ಸಲ ನಾಸಿಕ್‌ನಲ್ಲಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡಿದ್ದ ದಿನಗಳಲ್ಲೂ ಅದು ಮೇ ತಿಂಗಳಿನಷ್ಟೇ ಹಾರಿತ್ತು. ದಿನಕ್ಕೆ ಸ್ವಲ್ಪವೇ, ಆದರೆ ಒಂದು ದಿನವೂ ಬಿಡದೆ. ಸಿಡಿಲಿನಿಂದ ಹಿಡಿದು ಮೊಬೈಲಿನ ತನಕ ಎಲ್ಲದರ ಬಗ್ಗೆಯೂ ಹೆದರಿದ ನಾನು, ಹೆದರಬೇಕಾದ ಒಂದೇ ಒಂದಕ್ಕೆ ದಿನವೂ ಸಹಿ ಹಾಕುತ್ತ ಕೂತಿದ್ದೆ. ಅದು ಹಾರಿರಲಿಲ್ಲ, ಇಳಿದಿತ್ತು.

ಮಾಲಕರಿಗೆ ಹೇಳಬೇಕು. ಬರಿಗೈಲಿ ಹೋದರೆ "ನಿಮ್ಮ ಸ್ವಭಾವವೇ ಹಾಗೆ" ಎಂದು ಚಹಾ ಕುಡಿಸಿ ಕಳಿಸುತ್ತಾರೆ. ಹಿಂದೆ ಹಲವು ಸಲ ಕಳಿಸಿದ್ದಾರೆ. ಕಾಗದ ಬೇಕು. ಹೆಂಡತಿಯ ತಮ್ಮ ಸಂಭಾಜಿನಗರದಲ್ಲಿ ನೀರು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿದ್ದಾನೆ. ಫೋನ್ ಮಾಡಿದೆ. ನಾಸಿಕ್‌ನಲ್ಲಿ ಲ್ಯಾಬ್ ಇಲ್ಲವೆಂದಲ್ಲ, ನಾಸಿಕ್‌ನಲ್ಲಿ ಕೊಟ್ಟರೆ ಮಾಲಕರಿಗೆ ಸಂಜೆಯೊಳಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ.

"ಮಾಮಾ, ಗಾಜಿನ ಬಾಟ್ಲಿ ಮೂರು ತಗೋರಿ," ಎಂದ ಅವನು. "ಕಂಠಮಟ ತುಂಬ್ರಿ. ಒಂದ ಗುಳ್ಳಿ ಸೈತ ಇರಬಾರ್ದು. ಗಾಳಿ ಸಿಕ್ಕರ ಪೆಟ್ರೋಲು ನೀರು ಬಿಟ್ಟು ಗಾಳಿಗಿ ಏರ್ತದ. ಐಸ್‌ನ್ಯಾಗ ಇಟ್ಟು ಅದೇ ದಿನ ತರ್ರಿ."

ಐಸ್ ಇಡುವ ಡಬ್ಬಿ ಎಲ್ಲಿಂದ ತರುವುದು? ಪಂಪಿನ ಗೇಟಿನಲ್ಲಿ ನಿಲ್ಲುವ ಕುಲ್ಫಿಯವನನ್ನು ಕೇಳಿದೆ. ಅವನು ಒಂದು ದಿನದ ಮಟ್ಟಿಗೆ ತನ್ನ ಡಬ್ಬಿ ಕೊಟ್ಟ. ಅದರ ಮೇಲೆ ಕೆಂಪು ಅಕ್ಷರದಲ್ಲಿ ಮಲಾಯಿ ಕುಲ್ಫಿ ಎಂದು ಬರೆದಿತ್ತು. ಹೀಗೆ ಐವತ್ತೆರಡರ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತೊಡೆಯ ಮೇಲೆ ಕುಲ್ಫಿ ಡಬ್ಬಿ ಇಟ್ಟುಕೊಂಡು ನಾನು ನಾಸಿಕ್ ಬಸ್‌ಸ್ಟ್ಯಾಂಡಿನಿಂದ ಸಂಭಾಜಿನಗರದ ಬಸ್ ಹತ್ತಿದೆ.

ನಿಫಾಡ್ ತಲುಪುವ ಮೊದಲೇ ಹಿಂದಿನ ಸೀಟಿನಿಂದ ಒಬ್ಬ ಹುಡುಗಿ ಎರಡು ಕುಲ್ಫಿ ಕೇಳಿದಳು. ಇಲ್ಲಮ್ಮ, ಇದರಲ್ಲಿ ನೀರಿದೆ ಎಂದೆ. ಕುಲ್ಫಿ ಡಬ್ಬಿಯಲ್ಲಿ ನೀರು ಒಯ್ಯುವ ಮನುಷ್ಯನನ್ನು ಅವಳು ಯೇವಲಾ ತನಕ ದಿಟ್ಟಿಸಿದಳು. ಈ ಮಾತು ಕೇಳಿಸಿಕೊಂಡ ಪಕ್ಕದ ಅಜ್ಜಿ ಚುರುಕಾದರು. ನಾಸಿಕ್‌ನಿಂದ ನೀರು ಒಯ್ಯುವುದೆಂದರೆ ಅದು ಇನ್ನಾವ ನೀರು? ಗೋದಾವರಿಯನ್ನು ಅಲ್ಲಿಯವರು ಗಂಗೆ ಎಂದೇ ಕರೆಯುತ್ತಾರೆ. ಬಂದವರೆಲ್ಲ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ.

"ಗಂಗೇಚಂ ಪಾಣೀ ಕಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಡಬ್ಬಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವರನ್ನು ನೋಡಿ ಮುಂದಿನ ಸೀಟಿನ ದಂಪತಿ ಒತ್ತಿಕೊಂಡರು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಒಂದು ಕೈಯಲ್ಲಿ ಮೆಷಿನ್ ಹಿಡಿದು ಇನ್ನೊಂದು ಕೈಯಲ್ಲಿ ಒತ್ತಿಕೊಂಡ. ಆಮೇಲೆ ಅಜ್ಜಿ ಅಂಗೈ ಚಾಚಿ ಒಂದು ಹನಿ ತೀರ್ಥ ಕೇಳಿದರು.

ನನ್ನ ಬಿ.ಪಿ. ಎಲ್ಲಿಗೇರಿತೋ ಆ ಗಂಗೆಗೇ ಗೊತ್ತು. ಕೊಡುವಂತಿಲ್ಲ, ಪೆಟ್ರೋಲ್ ಎನ್ನುವಂತಿಲ್ಲ, ಎಂದರೆ ಬಸ್ಸಿನಿಂದ ಇಳಿಸುತ್ತಾರೆ. ಇದು ಪರೀಕ್ಷೆಗೆ ಒಯ್ಯುವ ನೀರು ಅಜ್ಜಿ, ಮುಚ್ಚಳ ತೆಗೆಯುವಂತಿಲ್ಲ ಎಂದೆ. ಅಜ್ಜಿಯ ಕೈ ಹಿಂದಕ್ಕೆ ಹೋಯಿತು. ಗಂಗೆಯನ್ನು ಪರೀಕ್ಷೆ ಮಾಡುವಷ್ಟು ದೊಡ್ಡವನಾದೆಯಾ ನೀನು ಎಂದು ಮರಾಠಿಯಲ್ಲಿ ಶುರು ಮಾಡಿದವರು ವೈಜಾಪುರದಲ್ಲಿ ಇಳಿಯುವವರೆಗೂ ನಿಲ್ಲಿಸಲಿಲ್ಲ. ಲಾಸೂರ ದಾಟಿ ದೌಲತಾಬಾದ್ ಕೋಟೆಯ ಗುಡ್ಡ ಕಾಣುವವರೆಗೂ ಬಸ್ಸಿನಲ್ಲಿ ನಾನು ನಾಸ್ತಿಕನಾಗಿಯೇ ಕೂತಿದ್ದೆ.

ಲ್ಯಾಬಿನಲ್ಲಿ ಹೆಂಡತಿಯ ತಮ್ಮ ಮೂರೂ ಬಾಟಲಿಗಳನ್ನು ಒಂದೊಂದಾಗಿ ಬೋರಲು ಹಿಡಿದು ಬೆಳಕಿಗೆ ನೋಡಿದ. ಎರಡರಲ್ಲಿ ಗುಳ್ಳೆ ಇರಲಿಲ್ಲ. ಮೂರನೆಯದರಲ್ಲಿ ಸಾಸಿವೆಯಷ್ಟು ದೊಡ್ಡದೊಂದು ಇತ್ತು. ಅದನ್ನು ಪಕ್ಕಕ್ಕಿಟ್ಟು ಮೊದಲನೆಯದರ ಮುಚ್ಚಳ ತಿರುಗಿಸಿದವನೇ ಎರಡು ಹೆಜ್ಜೆ ಹಿಂದೆ ಸರಿದ.

"ಮಾಮಾ, ಖರೇನ ನಿಮಗ ವಾಸನಿ ಬರಂಗಿಲ್ಲ?"

"ಕುಲ್ಫಿ ವಾಸನಿ ಬರ್ತದಪ," ಎಂದೆ.

ಅವನು ಬಹಳ ಹೊತ್ತು ನಕ್ಕ. ಆಮೇಲೆ ನಗು ನಿಲ್ಲಿಸಿ ಒಂದು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಜಲ್ಲಿಯಂಥ ಗರಸು, ಅದರ ಕೆಳಗೆ ಬಿರುಕು ಬಿಟ್ಟ ಕರಿಕಲ್ಲು. ಸೋರಿದ ಪೆಟ್ರೋಲ್ ಬಿರುಕಿನಿಂದ ಬಿರುಕಿಗೆ ಇಳಿದು, ನೀರು ಸಿಕ್ಕಲ್ಲಿ ಅದರ ಮೇಲೆ ತೇಲಿ, ನೀರು ಹರಿದತ್ತ ಹರಿಯುತ್ತದೆ. "ಬಾವಿ ಹತ್ರ ಯಾರಿಗೂ ಬೀಡಿ ಹಚ್ಚಲಿಕ್ಕ ಬಿಡಬ್ಯಾಡ್ರಿ," ಎಂದ ಕೊನೆಗೆ. ನಮ್ಮ ಲಾರಿ ಡ್ರೈವರುಗಳು ಊಟವಾದ ಮೇಲೆ ಬೀಡಿ ಹಚ್ಚಿ ಒರಗುವುದು ಅದೇ ಬಾವಿಯ ಕಟ್ಟೆಗೆ. ವಾಪಸ್ ಬರುವ ಬಸ್ಸಿನಲ್ಲಿ ನಾನು ಹೆಂಡತಿಗೆ ಏಳು ಸಲ ಫೋನ್ ಮಾಡಿದೆ. ಅವಳು ಎರಡನೇ ಫೋನಿಗೇ ಹೋಗಿ ಕಟ್ಟೆಯ ಸುತ್ತ ಮುಳ್ಳು ಹಾಕಿಸಿ ಬಂದಿದ್ದಳು. ಉಳಿದ ಐದು ನನ್ನ ಸಮಾಧಾನಕ್ಕೆ.

ಐದು ದಿನಕ್ಕೆ ವರದಿ ಬಂತು. ಬಾವಿಯ ನೀರಲ್ಲಿ ಪೆಟ್ರೋಲಿನ ಅಂಶಗಳಿವೆ, ಕುಡಿಯಲು, ಅಡುಗೆಗೆ ಯೋಗ್ಯವಲ್ಲ. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಮಾಲಕರ ಮನೆಗೆ ಹೋದೆ. ನಮ್ಮ ಮಾತು ನಡೆದದ್ದು ಮರಾಠಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವುದರಿಂದ ನನ್ನ ಮರಾಠಿಯ ತಪ್ಪುಗಳು ಮುಚ್ಚಿಹೋಗುತ್ತವೆ, ಅದೊಂದು ಲಾಭ.

ಮಾಲಕರು ಕಾಗದ ಓದಿದರು. ಕೆಟ್ಟ ಮನುಷ್ಯರಲ್ಲ, ಆದರೆ ನೆಲ ಅಗೆಯುವುದೆಂದರೆ ಪಂಪು ಬಂದ್. "ಮಳೆಗಾಲ ಬರಲಿ, ತೊಳೆದುಕೊಂಡು ಹೋಗುತ್ತದೆ," ಎಂದರು.

ಗಟ್ಟಿಯಾಗಿ ವಾದ ಮಾಡುವ ಶಕ್ತಿ ನನಗೆ ಎಂದೂ ಇಲ್ಲ. ಆದರೆ ಏನೇನು ಕೆಡಬಹುದು ಎಂದು ಹೇಳಲು ಕೂತರೆ ನನ್ನನ್ನು ಮೀರಿಸುವವರಿಲ್ಲ. ಆ ವಿದ್ಯೆಯಲ್ಲಿ ನಲವತ್ತು ವರ್ಷದ ಅಭ್ಯಾಸ. ಮಳೆ ತೊಳೆದುಕೊಂಡು ಹೋಗುವುದು ಎಲ್ಲಿಗೆ, ಕೆಳಗಿನ ದ್ರಾಕ್ಷಿ ತೋಟದ ಬಾವಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಎಂದು ಶುರು ಮಾಡಿದೆ. ಒಬ್ಬ ಡ್ರೈವರ್ ಮುಳ್ಳು ಸರಿಸಿ ಬೀಡಿ ಹಚ್ಚಿದರೆ ಏನಾಗುತ್ತದೆ ಎಂದೆ. ಬೀಡಿಯ ತುಂಡು ಬಾವಿಗೆ ಬಿದ್ದರೆ ಏನಾಗುತ್ತದೆ ಎಂದೆ. ಬಾವಿಯಿಂದ ನಮ್ಮ ಟ್ಯಾಂಕಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ ಹೇಳಿದೆ. ಆ ಹೊತ್ತಿಗೆ ಟ್ಯಾಂಕರ್ ಖಾಲಿಯಾಗುತ್ತಿದ್ದರೆ ಎಂದೆ. ಆ ಹೊತ್ತಿಗೆ ಶಾಲೆಯ ಬಸ್ಸು ಡೀಸೆಲ್ ಹಾಕಿಸಲು ನಿಂತಿದ್ದರೆ ಎಂದೆ. ಮಾಲಕರ ಚಹಾ ಆರುತ್ತ ಬಂತು. ಅವರಿಗೂ ದಿಂಡೋರಿಯಲ್ಲಿ ದ್ರಾಕ್ಷಿ ತೋಟವಿದೆ. ಕೆಟ್ಟ ಬಾವಿ ಎಂದರೇನು ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಶಾಲೆಯ ಬಸ್ಸಿನ ಮುಂದಿನದಕ್ಕೆ ನಾನು ಬಾಯಿ ತೆರೆದಾಗ ಅವರು ಎರಡೂ ಕೈ ಎತ್ತಿದರು.

"ಸಾಕು. ನಾಳೆ ಬೆಳಿಗ್ಗೆಯಿಂದ ಬಂದ್ ಮಾಡಿ. ಎಣ್ಣೆ ಕಂಪನಿಯವರಿಗೂ ಸರ್ಕಾರಿ ಆಫೀಸಿಗೂ ನಾನೇ ತಿಳಿಸುತ್ತೇನೆ. ನೀವು ಮಾತ್ರ ಈಗ ಮನೆಗೆ ಹೋಗಿ."

ನಾನು ಏಳಲಿಲ್ಲ. ಖಾನಾವಳಿಯ ನೀರಿನದು ಏನು ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಪಂಪು ಬಂದ್ ಇರುವಷ್ಟು ದಿನ ದಿನಕ್ಕೊಂದು ಟ್ಯಾಂಕರ್ ನೀರು, ಆಮೇಲೆ ಊರಿನ ನಳದ ಲೈನಿನಿಂದ ಪಂಪಿನ ಜಾಗದ ಮೂಲಕ ಒಂದು ಪೈಪು ಎಂದು ಮಾಲಕರಿಂದ ಒಪ್ಪಿಸಿಕೊಂಡೇ ಎದ್ದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು, "ಜ್ವರಾ ಗಿರಾ ಬಂದಾವೇನು?" ಎಂದು ಹಣೆ ಮುಟ್ಟಿ ನೋಡಿದಳು.

ಆದರೆ ಅಗೆಯುವ ಜಾಗದ ಪಕ್ಕ ಒಲೆ ಹಚ್ಚುವಂತಿಲ್ಲ ಎಂದು ಕಂಪನಿಯಿಂದ ಬಂದವರು ಮೊದಲ ದಿನವೇ ಹೇಳಿಬಿಟ್ಟರು. ಅಂದರೆ ಟ್ಯಾಂಕರ್ ನೀರು ಬಂದರೂ ಖಾನಾವಳಿ ಬಂದ್. ಹನ್ನೊಂದು ದಿನ. ಅಷ್ಟು ದಿನ ರೊಟ್ಟಿ ಸಿಗದಿದ್ದರೆ ಗಿರಾಕಿ ಬೇರೆ ಊಟ ಹುಡುಕಿಕೊಳ್ಳುತ್ತಾನೆ, ಆಮೇಲೆ ತಿರುಗಿ ಬರುವುದಿಲ್ಲ ಎಂಬುದು ಅಕ್ಕನ ಲೆಕ್ಕ. ಅದಕ್ಕೆ ಹೆಂಡತಿ ಉತ್ತರ ಕಂಡುಹಿಡಿದಳು. ಮರುದಿನ ಬೆಳಿಗ್ಗೆ ಎದ್ದರೆ ನಮ್ಮ ಎರಡು ಕೋಣೆಯ ಮನೆಯ ಅಡುಗೆಮನೆಯಲ್ಲಿ ಪಟಪಟ ಪಟಪಟ ರೊಟ್ಟಿ ಬಡಿಯುವ ಸದ್ದು. ಹಿಟ್ಟು ನಾದುವ ಕೊಮ್ಮಣಿಗೆ, ಹಂಚು, ಹಿಟ್ಟಿನ ಚೀಲ ಸಮೇತ ಅಕ್ಕ ಬಂದಿಳಿದಿದ್ದರು. ಹೆಂಡತಿ ಪಲ್ಯಕ್ಕೆ, ಅಕ್ಕ ರೊಟ್ಟಿಗೆ, ನಾನು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಆಟೋಗೆ ಹಾಕಿ ಕಟ್ಟಡದ ಶೆಡ್ಡುಗಳಿಗೆ, ಲಾರಿ ನಿಲ್ಲುವ ಜಾಗಕ್ಕೆ ಮುಟ್ಟಿಸಲು. ಕೆಳಗಿನ ಮನೆಯ ಮರಾಠಿ ಹೆಂಗಸು ಮೂರನೇ ದಿನ ಸದ್ದಿನ ಬಗ್ಗೆ ತಕರಾರು ಮಾಡಲು ಮೇಲೆ ಬಂದರು. ನಾಲ್ಕನೇ ದಿನದಿಂದ ಅವರ ಮನೆಗೂ ಆರು ರೊಟ್ಟಿ ಹೋಗತೊಡಗಿತು. ನನ್ನ ಬಿಳಿ ಅಂಗಿ, ಟಿವಿ, ಮೀಸೆ ಎಲ್ಲದರ ಮೇಲೂ ಜೋಳದ ಹಿಟ್ಟು. ನಾನು ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡಲು ಹೋದರೆ ಇಬ್ಬರೂ ಒಟ್ಟಿಗೆ, "ನಡೀರಿ ಹೊರಗ" ಎನ್ನುತ್ತಿದ್ದರು.

ಅತ್ತ ಪಂಪಿನಲ್ಲಿ ಕಾಂಕ್ರೀಟ್ ಒಡೆದು ನೆಲ ಬಿಚ್ಚಿದರು. ಟ್ಯಾಂಕು ಗಟ್ಟಿಯಾಗಿತ್ತು. ಟ್ಯಾಂಕಿನಿಂದ ಮೆಷಿನ್ನಿಗೆ ಬರುವ ಪೈಪಿನ ಒಂದು ಜೋಡಣೆ ತುಕ್ಕು ಹಿಡಿದು ಬೆವರುತ್ತಿತ್ತು. ಸುರಿಯುತ್ತಿರಲಿಲ್ಲ, ಬರೀ ಬೆವರುತ್ತಿತ್ತು, ನನ್ನ ಹಣೆಯ ಹಾಗೆ. ಅದರ ಸುತ್ತಿನ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಮಣ್ಣನ್ನೆಲ್ಲ ತೋಡಿ, ಹೊದಿಕೆ ಮುಚ್ಚಿದ ಲಾರಿಯಲ್ಲಿ, ಅಂಥದ್ದಕ್ಕೆಂದೇ ಇರುವ ಜಾಗಕ್ಕೆ ಸಾಗಿಸಿದರು. ಬಾವಿಯ ಮೇಲಿನ ಪೊರೆಯನ್ನು ಹೀರಿ ತೆಗೆದು, ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿ ಬೀಗ ಹಾಕಿದರು. ಹೊಸ ಪೈಪು ಬಂತು. ಮಾಲಕರು ಮಾತಿನಂತೆ ನಳದ ಲೈನನ್ನೂ ಅದೇ ಅಗೆತದ ದಿನಗಳಲ್ಲಿ, ಆದರೆ ಪೆಟ್ರೋಲ್ ಪೈಪಿನಿಂದ ದೂರ, ಪಂಪಿನ ಇನ್ನೊಂದು ತುದಿಯಲ್ಲಿ, ಹಾಕಿಸಿದರು. ಎರಡರ ನಡುವೆ ಎಷ್ಟು ಅಂತರವಿದೆ ಎಂದು ನಾನು ಟೇಪು ಹಿಡಿದು ಮೂರು ಸಲ ಅಳೆದೆ.

ಹನ್ನೆರಡನೆಯ ದಿನ ಅಕ್ಕ ಖಾನಾವಳಿಯ ಅಂಗಳ ಸಾರಿಸಿ ಹೊಸ ನಳದ ಮುಂದೆ ನಿಂತರು. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ತಿಳಿ ನೀರು. ಒಂದು ಕೊಡ ತುಂಬಿಸಿ, ತಾವೇ ಮೂಸಿ, ಹೆಂಡತಿಗೆ ಮೂಸಲು ಕೊಟ್ಟು, ಇಬ್ಬರೂ ತಲೆಯಾಡಿಸಿದ ಮೇಲೆ ಹಿಟ್ಟಿಗೆ ಹಾಕಿದರು. ನನ್ನನ್ನು ಯಾರೂ ಕೇಳಲಿಲ್ಲ. ಶೆಡ್ಡಿನ ಹೆಂಗಸರು ತಮ್ಮ ಕೊಡಗಳನ್ನು ನಳದ ಮುಂದೆ ಸಾಲು ಹಚ್ಚಿ, ಯಾರದು ಮೊದಲು ಎಂದು ಅಷ್ಟರಲ್ಲೇ ಜಗಳ ತೆಗೆದಿದ್ದರು.

ರೊಟ್ಟಿ ಬಡಿಯುತ್ತ ಅಕ್ಕ ಬಾವಿಯ ಕಡೆ ತಲೆ ತಿರುಗಿಸಿದರು.

"ಸಾಹೇಬ್ರ, ಅದರ ನೀರು ಮತ್ತ ಯಾವಾಗ ಕುಡಿಲಿಕ್ಕ ಬರ್ತದ್ರಿ?"

ನಾನು ಹೆಂಡತಿಯ ತಮ್ಮನನ್ನು ಇದೇ ಪ್ರಶ್ನೆ ಕೇಳಿದ್ದೆ. ಆರಾರು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತ ಇರಬೇಕು, ಎರಡು ವರ್ಷವೂ ಆಗಬಹುದು, ಹತ್ತೂ ಆಗಬಹುದು, ಕಲ್ಲಿನ ಬಿರುಕಿನಲ್ಲಿ ಎಷ್ಟು ಕೂತಿದೆ ಎಂದು ಯಾರಿಗೆ ಗೊತ್ತು ಎಂದಿದ್ದ. ಬೇಗ ಆಗ್ತದ್ರಿ ಅಕ್ಕಾ ಎಂದು ಹೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ಲ ಅಕ್ಕಾ. ವರ್ಷಗಟ್ಲೆ ಆಗಬಹುದು. ಪರೀಕ್ಷಾ ಮಾಡಸ್ತಾ ಇರ್ತೀನಿ."

ಅಕ್ಕ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿದರು.

"ಮಾಡಸ್ರಿ. ಪ್ರತಿ ಸಲ ಕಾಗದ ತಂದು ನನಗೂ ಓದಿ ಹೇಳ್ರಿ," ಎಂದರು. "ಈಗ ಕೂಡ್ರಿ, ಬಿಸಿ ಅದಾವ."

ಕೂತೆ. ಪಕ್ಕದಲ್ಲಿ ಕೂತ ಲಾರಿ ಡ್ರೈವರೊಬ್ಬ ಇಷ್ಟು ದಿನ ಎಲ್ಲಿಗೆ ಹೋಗಿದ್ದಿರಿ ಎಂದು ಅಕ್ಕನನ್ನು ಕೇಳಿದ. "ಇವರ ಮನಿಗಿ, ಬೀಗರ ಹಂಗ," ಎಂದು ಅಕ್ಕ ಗದ್ದದಿಂದಲೇ ನನ್ನನ್ನು ತೋರಿಸಿ, ಅವನ ತಾಟಿಗೂ ನನ್ನ ತಾಟಿಗೂ ಒಂದೊಂದು ರೊಟ್ಟಿ ಎಸೆದರು.